ಮನೆಯೊಳಗಿನ ಕಡಲಿಗೊಂದು ಕೋಡಿ

ಸೊಲ್ಲಾಪುರಕ್ಕೆ ಕಡಲಿಲ್ಲ. ಶಿವಯೋಗಿ ಸಿದ್ಧರಾಮರು 12ನೆಯ ಶತಮಾನದಲ್ಲಿ ಕಟ್ಟಿಸಿದ ಕೆರೆಯೇ ನಮ್ಮ ಪಾಲಿನ ಕಡಲು. ನಿಜವಾದ ಕಡಲನ್ನು ಕಾಣಬೇಕಾದರೆ ರೈಲು ಹತ್ತಿ ನಾನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ಮುಂಬಯಿಗೆ ಹೋಗಬೇಕು. ನಲ್ಲಿಗೆ ನೀರು ಬರುವ ದಿನವನ್ನು ಎಣಿಸುತ್ತ, ಕೊಡಗಳನ್ನು ತೊಳೆದಿಟ್ಟುಕೊಂಡು ಬಾಳಿದ ಓಣಿ ನಮ್ಮದು. ಅಂಥ ಓಣಿಯ ಒಂದು ನಡುಮನೆಯಲ್ಲಿ 200 ಲೀಟರು ಉಪ್ಪುನೀರನ್ನು ಗಾಜಿನ ತೊಟ್ಟಿಯಲ್ಲಿ ತುಂಬಿಟ್ಟು ಕಾಯುತ್ತಿದ್ದೇವೆ ಎಂದರೆ ವಾಚಕರಿಗೆ ನಗು ಬಂದೀತು. ನೆರೆಹೊರೆಯವರೂ ನಕ್ಕಿದ್ದಾರೆ. ನನಗೂ ಮೊದಮೊದಲು ನಗುವೇ ಬಂದಿದ್ದಿತು.

ಈ ತೊಟ್ಟಿ ನಾವು ಬಯಸಿ ತಂದುದಲ್ಲ. ಪುಣೆಯಲ್ಲಿದ್ದ ಮಗನು ಕೆಲಸದ ನಿಮಿತ್ತ ಪರದೇಶಕ್ಕೆ ಹೊರಟಾಗ, ಅವನ ಒಂಬತ್ತು ವರ್ಷದ ಮಗಳು ತನ್ನ ಮೀನುಗಳನ್ನು ಬೇರೆಯವರಿಗೆ ಕೊಡಲು ಒಪ್ಪಲಿಲ್ಲ. "ಅಜ್ಜಾ, ನೀನು ಮಾಸ್ತರನಲ್ಲವೇ? ನಿನಗೆ ಎಲ್ಲ ತಿಳಿಯುತ್ತದೆ" ಎಂದಳು. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿದವನಿಗೆ ಆ ಮಾತನ್ನು ಮೀರಲಾಗಲಿಲ್ಲ. ಹೀಗೆ ಎರಡು ಕಿತ್ತಳೆ ಬಣ್ಣದ ಕ್ಲೌನ್ ಮೀನುಗಳೂ ಬೆನ್ನ ಮೇಲೆ ಕೆಂಪು-ಬಿಳಿ ಪಟ್ಟೆಯಿದ್ದ ಒಂದು ಸಿಗಡಿಯೂ ನಮ್ಮ ಮನೆಗೆ ಬಂದವು. ಬಾಲ್ಯದಲ್ಲಿ ಶಾಲೆಯ ಪ್ರವಾಸಕ್ಕೆ ಹೋದಾಗ, 1951ರಲ್ಲಿ ಮುಂಬಯಿಯ ಕಡಲ ದಂಡೆಯಲ್ಲಿ ತೆರೆದಿದ್ದ ತಾರಾಪೋರವಾಲಾ ಮತ್ಸ್ಯಾಗಾರದ ಗಾಜಿಗೆ ಮೂಗು ಹಚ್ಚಿ ನಿಂತಿದ್ದೆನು. ಮುಪ್ಪಿನಲ್ಲಿ ಅದರದೊಂದು ತುಣುಕು ನನ್ನ ಪಾಲಿಗೆ ಬಂದಿತೆಂದು ಸಮಾಧಾನಪಟ್ಟುಕೊಂಡೆನು.

ಇಂಥ ತೊಟ್ಟಿಯನ್ನು ಇಡಬಯಸುವವರಿಗೆ ಇಲ್ಲಿಯೇ ಒಂದು ಮಾತು. ನಮ್ಮ ತೊಟ್ಟಿಯಲ್ಲಿ ಹವಳವಿಲ್ಲ. ಹವಳದ ದಿಬ್ಬ ಕಟ್ಟುವ ಜೀವಿಗಳಿಗೂ ಕಡಲಕುದುರೆಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯುಂಟು. ಯಾರೇ ಮಾರಲು ಬಂದರೂ ಅವನ್ನು ಕೊಳ್ಳಬಾರದು. ಕ್ಲೌನ್ ಮೀನನ್ನು ಸಾಕುಕೇಂದ್ರದಲ್ಲಿಯೇ ಮರಿ ಮಾಡಿಸುವ ವಿದ್ಯೆ ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಗೆ ಸಿದ್ಧಿಸಿದೆ. ಹಾಗೆ ಹುಟ್ಟಿದ ಮೀನನ್ನು ತಂದರೆ ಕಡಲಿಗೆ ಕೊರತೆಯಿಲ್ಲ.

ನೊರೆಯ ಗಾಣ

ಕಡಲಮೀನಿನ ತೊಟ್ಟಿಗೆ ದೊಡ್ಡ ಶತ್ರು ಎಂದರೆ ಕೊಳೆ. ಮೀನಿನ ಹೇಲು, ಉಳಿದ ಆಹಾರ, ಮೈಯ ಲೋಳೆ ಇವೆಲ್ಲ ನೀರಿನಲ್ಲಿ ಕರಗಿ ನಿಲ್ಲುತ್ತವೆ. ಸೂಕ್ಷ್ಮಜೀವಿಗಳು ಅದನ್ನು ಒಡೆದಾಗ ಮೊದಲು ಅಮೋನಿಯಾ, ಆಮೇಲೆ ನೈಟ್ರೈಟ್, ಕೊನೆಗೆ ನೈಟ್ರೇಟ್ ಹುಟ್ಟುತ್ತವೆ. ಮೊದಲಿನೆರಡು ಮೀನಿಗೆ ವಿಷ. ಆದುದರಿಂದ ಕೊಳೆಯು ಒಡೆಯುವ ಮೊದಲೇ ಅದನ್ನು ಹೊರಗೆ ತೆಗೆಯಬೇಕು. ಆ ಕೆಲಸವನ್ನು ಮಾಡುವ ಯಂತ್ರಕ್ಕೆ ಪ್ರೋಟೀನ್ ಸ್ಕಿಮ್ಮರ್ ಎಂದು ಹೆಸರು.

ಹೆಸರು ದೊಡ್ಡದಾದರೂ ತತ್ತ್ವವು ನಮ್ಮ ಅಡಿಗೆಮನೆಯದೇ. ತೊಗರಿಬೇಳೆಯನ್ನು ಬೇಯಲಿಟ್ಟಾಗ ಮೇಲೆ ಬೂದು ಬಣ್ಣದ ನೊರೆ ಏಳುವುದನ್ನೂ ತಾಯಂದಿರು ಅದನ್ನು ಸೌಟಿನಿಂದ ತೆಗೆದು ಚೆಲ್ಲುವುದನ್ನೂ ಎಲ್ಲರೂ ಕಂಡಿದ್ದೇವೆ. ಪ್ರೋಟೀನಿನಂಥ ವಸ್ತುಗಳ ಅಣುವಿನಲ್ಲಿ ಒಂದು ಭಾಗಕ್ಕೆ ನೀರು ಇಷ್ಟ, ಇನ್ನೊಂದು ಭಾಗಕ್ಕೆ ನೀರು ಒಲ್ಲದು. ನೀರೊಲ್ಲದ ಭಾಗವು ಗಾಳಿಯ ಗುಳ್ಳೆಯನ್ನು ಕಂಡೊಡನೆ ಅದಕ್ಕೆ ಅಂಟಿಕೊಳ್ಳುತ್ತದೆ. ಗುಳ್ಳೆ ಮೇಲೇರಿದರೆ ಕೊಳೆಯೂ ಮೇಲೇರುತ್ತದೆ. ಸ್ಕಿಮ್ಮರಿನಲ್ಲಿ ಒಂದು ಪಂಪು ನೀರನ್ನೂ ಗಾಳಿಯನ್ನೂ ಒಟ್ಟಿಗೆ ಎಳೆದು, ಗಾಳಿಯನ್ನು ಸಾಸಿವೆಗಿಂತ ಸಣ್ಣ ಗುಳ್ಳೆಗಳಾಗಿ ಒಡೆಯುತ್ತದೆ. ಅವು ಒಂದು ನಿಂತ ಕೊಳವೆಯೊಳಗೆ ಏರಿ, ಕಿರಿದಾದ ಕುತ್ತಿಗೆಯನ್ನು ದಾಟಿ, ಮೇಲಿನ ಬಟ್ಟಲಿನಲ್ಲಿ ಒಡೆದು, ಕರಿ ಚಹದಂಥ ನಾರುವ ದ್ರವವಾಗಿ ನಿಲ್ಲುತ್ತವೆ. ಉಪ್ಪುನೀರಿನಲ್ಲಿ ಗುಳ್ಳೆಗಳು ಒಂದರೊಡನೊಂದು ಬೇಗ ಕೂಡಿಕೊಳ್ಳುವುದಿಲ್ಲ. ಸಿಹಿನೀರಿನಲ್ಲಿ ಅವು ಕೂಡಿ ದೊಡ್ಡವಾಗಿ ಬಿಡುತ್ತವೆ. ಅದಕ್ಕಾಗಿಯೇ ಈ ಯಂತ್ರವು ಕಡಲ ನೀರಿಗೆ ಒಪ್ಪುತ್ತದೆ, ಬಾವಿಯ ನೀರಿಗೆ ಒಪ್ಪದು.

ಇದನ್ನು ನನಗಿಂತ ಚೆನ್ನಾಗಿ ತಿಳಿದುಕೊಂಡವಳು ಅಕ್ಕಲಕೋಟೆಯ ನಮ್ಮ ಅಕ್ಕ. ಅವಳ ಗಂಡನ ಮನೆಯವರು ಹಿಂದೆ ಕಬ್ಬಿನ ಗಾಣ ನಡೆಸುತ್ತಿದ್ದರು. ಕೊಪ್ಪರಿಗೆಯಲ್ಲಿ ರಸ ಕುದಿಯುವಾಗ ಬೆಂಡೆಗಿಡದ ಲೋಳೆಯನ್ನು ಹಾಕಿದರೆ ರಸದ ಕಲ್ಮಶವೆಲ್ಲ ಅದಕ್ಕೆ ಅಂಟಿ, ನೊರೆಯಾಗಿ ಮೇಲೆ ಬರುತ್ತದೆ. ಉದ್ದ ಹಿಡಿಕೆಯ ಜಾಲರಿಯಿಂದ ಅದನ್ನು ತೆಗೆಯಲು ಒಬ್ಬನು ನಿಂತೇ ಇರಬೇಕು. ನನ್ನ ಯಂತ್ರದ ವರ್ಣನೆಯನ್ನು ಕೇಳಿ ಅಕ್ಕ ಹೇಳಿದಳು: "ಹಂಗಾದ್ರ ಅದು ನೊರಿ ಗಾಣ ಅನ್ನು. ಅವಸರ ಮಾಡಿದ್ರ ರಸಾನೂ ಹೋಗತೈತಿ, ತಡಾ ಮಾಡಿದ್ರ ಹೊಲಸು ತಿರುಗಿ ಒಳಗ ಹೋಗತೈತಿ. ನಡುವಿನ ಹೊತ್ತು ಹಿಡಿಯೂದ ಕೆಲಸ." ಸ್ಕಿಮ್ಮರನ್ನು ಹದಗೊಳಿಸುವ ಶಾಸ್ತ್ರವೆಲ್ಲ ಈ ಮೂರು ಮಾತುಗಳಲ್ಲಿದೆ. ನೊರೆ ತೀರ ಒದ್ದೆಯಾದರೆ ಉಪ್ಪುನೀರೇ ಹರಿದು ಹೋಗುತ್ತದೆ. ತೀರ ಒಣಗಿದರೆ ಕೊಳೆಯು ಕುತ್ತಿಗೆಯಲ್ಲಿಯೇ ಮೆತ್ತಿಕೊಂಡು ನಿಲ್ಲುತ್ತದೆ.

ಅಕ್ಕನ ಕಾಲು, ತೊಟ್ಟಿಯ ಬಟ್ಟಲು

ಆ ಬಟ್ಟಲು ಅರ್ಧ ಲೀಟರಿನದು. ದಿನಕ್ಕೊಮ್ಮೆ ಅದನ್ನು ಎತ್ತಿ ಚೆಲ್ಲಿ ತೊಳೆಯಬೇಕು. ಮನೆಯಲ್ಲಿರುವವರೆಗೆ ಇದೇನೂ ಕಷ್ಟವಲ್ಲ. ಆದರೆ ಕಳೆದ ವರ್ಷದ ಬೇಸಿಗೆಯಲ್ಲಿ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ಮಕ್ಕಳು ದೂರದೂರಿನಲ್ಲಿ. ಶಸ್ತ್ರಕ್ರಿಯೆಯಾದ ಮೇಲೆ ಅವಳನ್ನು ಎಬ್ಬಿಸಿ ಕೂಡಿಸಲು, ರಾತ್ರಿ ನೀರು ಕೊಡಲು ಮನೆಯ ಜನವೇ ಬೇಕು. ಸೊಲ್ಲಾಪುರದಿಂದ ಅಕ್ಕಲಕೋಟೆ ಸುಮಾರು 40 ಕಿಲೋಮೀಟರು. ಬಸ್ಸೇನೋ ಸಿಕ್ಕುತ್ತದೆ, ಆದರೆ ದಿನವೂ ಹೋಗಿ ಬರುವ ವಯಸ್ಸು ನಮ್ಮದಲ್ಲ. ನಾನೂ ನಮ್ಮ ಮನೆಯವರೂ ಎರಡು ಮೂರು ರಾತ್ರಿ ಅಲ್ಲಿಯೇ ಉಳಿಯುವುದೆಂದು ಗೊತ್ತಾಯಿತು. ಬಟ್ಟಲನ್ನು ಚೆಲ್ಲುವವರು ಯಾರು?

ಬಟ್ಟಲಿಗೆ ಒಂದು ರಂಧ್ರ ಕೊರೆದು, ನಳಿಗೆ ಜೋಡಿಸಿ, ಕೆಳಗಿನ ಬಕೆಟ್ಟಿಗೆ ಬಿಟ್ಟರೆ ಕೊಳೆ ತಾನಾಗಿ ಹರಿದು ಹೋಗುತ್ತದೆ ಎಂದು ಯೋಚಿಸಿದೆನು. ಕೆರೆಗೆ ಕೋಡಿಯಿದ್ದಂತೆ ಬಟ್ಟಲಿಗೂ ಒಂದು ಕೋಡಿ. ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆನು.

ಬೇಸಿಗೆಯಲ್ಲಿ ತೊಟ್ಟಿಯ ನೀರು ದಿನಕ್ಕೆ ನಾಲ್ಕೈದು ಲೀಟರು ಆವಿಯಾಗುತ್ತದೆ. ಉಪ್ಪು ಆವಿಯಾಗದು. ಆದುದರಿಂದ ತುಂಬಬೇಕಾದುದು ಸಿಹಿನೀರು. ಇದಕ್ಕೂ ಒಂದು ಸ್ವಯಂಚಾಲಿತ ಏರ್ಪಾಡು ಮೊದಲೇ ಇದ್ದಿತು. ಮಟ್ಟ ಇಳಿದೊಡನೆ 40 ಲೀಟರಿನ ಡ್ರಮ್ಮಿನಿಂದ ಸಣ್ಣ ಪಂಪೊಂದು ಸಿಹಿನೀರನ್ನು ಸುರಿಯುತ್ತದೆ. ಸಾಮಾನ್ಯವಾಗಿ ಅದರಲ್ಲಿ ಶುದ್ಧೀಕರಿಸಿದ ನೀರನ್ನು ತುಂಬುತ್ತಿದ್ದೆವು. ಅಂದು ಹೊರಡುವ ಅವಸರ. ನಲ್ಲಿಯ ನೀರನ್ನೇ ತುಂಬಿ, ಕ್ಲೋರಿನ್ ಕಳೆಯುವ ದ್ರಾವಣವನ್ನು ಧಾರಾಳವಾಗಿ ಬೆರೆಸಿ, ಬಾಗಿಲಿಗೆ ಬೀಗ ಹಾಕಿದೆವು.

ಮೂರನೆಯ ದಿನ ಮರಳಿ ಬಂದು ಬಾಗಿಲು ತೆರೆದಾಗ ಕಾಲಿಗೆ ನೀರು ತಗುಲಿತು. ಬಕೆಟ್ಟು ತುಂಬಿ ಹರಿದು, ಶಹಾಬಾದಿ ಫರಸಿಯ ಮೇಲೆಲ್ಲ ಉಪ್ಪಿನ ಬಿಳಿ ಗೆರೆಗಳು ಮೂಡಿದ್ದವು. ಸಿಹಿನೀರಿನ ಡ್ರಮ್ಮು ಬರಿದಾಗಿದ್ದಿತು. ಕೆಳತೊಟ್ಟಿಯ ಪಂಪು ಗಾಳಿ ಹೀರುತ್ತ ಗೊರಗೊರ ಸದ್ದು ಮಾಡುತ್ತಿದ್ದಿತು. ಎರಡು ಮೀನುಗಳೂ ಮೂಲೆಯಲ್ಲಿ ಬದುಕಿದ್ದವು. ಸಿಗಡಿಯು ಮರಳಿನ ಮೇಲೆ ಮಗುಚಿ ಬಿದ್ದಿದ್ದಿತು.

ಆದುದೇನು?

ಸಮಾಧಾನವಾಗಿ ಕುಳಿತು ಯೋಚಿಸಿದಾಗ ಒಂದೊಂದೇ ಎಳೆ ಬಿಚ್ಚಿತು. ಕ್ಲೋರಿನ್ ಕಳೆಯುವ ಎಷ್ಟೋ ದ್ರಾವಣಗಳಲ್ಲಿ ಮೀನಿನ ಮೈಯ ಲೋಳೆಯನ್ನು ಕಾಯುವ ಪದಾರ್ಥವನ್ನೂ ಬೆರೆಸಿರುತ್ತಾರೆ. ಅದು ನೀರಿಗೆ ಬಿದ್ದರೆ ಸ್ಕಿಮ್ಮರು ಹುಚ್ಚೆದ್ದು ನೊರೆ ಉಗುಳುತ್ತದೆ. ನೊರೆಯೊಡನೆ ಉಪ್ಪುನೀರು ಹೊರಗೆ ಹೋಯಿತು. ಮಟ್ಟ ಇಳಿದುದನ್ನು ಕಂಡ ಸಣ್ಣ ಪಂಪು, ಇದು ಆವಿಯೆಂದೇ ತಿಳಿದು, ದ್ರಾವಣ ಬೆರೆತ ಸಿಹಿನೀರನ್ನು ಸುರಿಯಿತು. ಅದರಿಂದ ನೊರೆ ಇನ್ನೂ ಹೆಚ್ಚಿತು. ಒಂದು ಸ್ವಯಂಚಾಲಿತ ಯಂತ್ರವು ತೊಟ್ಟಿಯನ್ನು ಬರಿದುಮಾಡಲು, ಇನ್ನೊಂದು ಅದನ್ನು ಮುಚ್ಚಿಡಲು ನಿಂತಂತಾಯಿತು.

ಕಡಲ ನೀರಿನಲ್ಲಿ ಸಾವಿರ ಭಾಗಕ್ಕೆ ಸುಮಾರು 35 ಭಾಗ ಉಪ್ಪಿರುತ್ತದೆ. ನಮ್ಮ ತೊಟ್ಟಿಯಲ್ಲಿ ಅದು 29ಕ್ಕೆ ಇಳಿದಿದ್ದಿತು. ತನ್ನ ರಕ್ತದ ಉಪ್ಪನ್ನು ಹೊರಗಿನ ನೀರಿನಿಂದ ಬೇರೆಯಾಗಿ ಕಾಯ್ದುಕೊಳ್ಳುವ ಶಕ್ತಿ ಮೀನಿಗುಂಟು. ಈ ಜಾತಿಯ ಸಿಗಡಿಗೆ ಆ ಶಕ್ತಿ ಬಹಳ ಕಡಿಮೆ. ಅದು ಉಪ್ಪಿನ ಹಠಾತ್ ಏರಿಳಿತವನ್ನು ತಾಳಲಾರದು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ನೋಯಿಸಿತು. ರಂಧ್ರ ಕೊರೆಯುವ ಮೊದಲು ಬಟ್ಟಲು ತುಂಬಿದರೆ ಏನಾಗುತ್ತಿದ್ದಿತು? ಉಕ್ಕಿದುದು ಸ್ಕಿಮ್ಮರು ನಿಂತಿರುವ ಕೆಳತೊಟ್ಟಿಗೇ ಮರಳಿ ಬೀಳುತ್ತಿದ್ದಿತು. ನೀರು ಕೊಳೆಯಾಗುತ್ತಿದ್ದಿತು, ಆದರೆ ಒಂದು ಹನಿಯೂ ಮನೆಯೊಳಗೆ ಚೆಲ್ಲುತ್ತಿರಲಿಲ್ಲ. ಯಂತ್ರವನ್ನು ಮಾಡಿದವರು ಇಟ್ಟಿದ್ದ ಆ ಮಿತಿಯನ್ನು ನಾನೇ ಕಿತ್ತುಹಾಕಿದ್ದೆನು. ಕೆರೆಯ ಕೋಡಿಯು ಹೆಚ್ಚಾದ ನೀರನ್ನು ಮಾತ್ರ ಬಿಡುತ್ತದೆ, ಕೆರೆಯನ್ನು ಬಿಡುವುದಿಲ್ಲ. ಕೋಡಿ ಕಟ್ಟಿದೆನೆಂದು ನಾನು ತಿಳಿದಿದ್ದೆನು. ಕೊರೆದದ್ದು ಏರಿಯನ್ನು.

ಭಾನುವಾರ ಮೊಮ್ಮಗಳ ಕರೆ ಬಂದಾಗ ಮುಚ್ಚಿಡಲಿಲ್ಲ. ಸಿಗಡಿ ಸತ್ತಿತೆಂದೂ ಅದು ನನ್ನ ತಪ್ಪೆಂದೂ ಹೇಳಿದೆನು. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮೀನುಗಳಾದರೂ ಇರುತ್ತವೆಯೇ?" ಎಂದು ಕೇಳಿದಳು. ಅಕ್ಕನ ಕಾಲು ಕೂಡಲು ಇನ್ನೂ ಎರಡು ತಿಂಗಳು ಬೇಕಾಗಿದ್ದಿತು. ಅವಳನ್ನು ಬಿಡುವಂತಿಲ್ಲ, ಮೀನನ್ನೂ ಬಿಡುವಂತಿಲ್ಲ.

ಮಗ್ಗದಿಂದ ಬಂದ ಬುದ್ಧಿ

ನಮ್ಮ ಅಣ್ಣನು ಚಾದರು ನೇಯುವ ಕಾರಖಾನೆಯಲ್ಲಿ ಜಾಬರನಾಗಿ ಮಗ್ಗಗಳನ್ನು ರಿಪೇರಿ ಮಾಡುತ್ತ ಆಯುಷ್ಯ ಕಳೆದವನು. ಫರಸಿಯ ಮೇಲಿನ ಉಪ್ಪನ್ನು ನೋಡಿ, ಎಲ್ಲವನ್ನೂ ಕೇಳಿ, ಒಂದೇ ಪ್ರಶ್ನೆ ಹಾಕಿದನು: "ತಮ್ಮಾ, ಎಳಿ ಹರಿದ್ರ ಮಗ್ಗ ನಿಲ್ತೈತಿ. ನಿನ್ನ ಬಕೆಟ್ ತುಂಬಿದ್ರ ಯಾವುದು ನಿಲ್ತೈತಿ?"

ಉತ್ತರವಿರಲಿಲ್ಲ. ವಿದ್ಯುತ್ ಮಗ್ಗದಲ್ಲಿ ಹೊಕ್ಕಿನ ನೂಲು ಇದೆಯೋ ಇಲ್ಲವೋ ಎಂದು ಒಂದು ಸಣ್ಣ ಮುಳ್ಳು ಪ್ರತಿ ಹೊಡೆತಕ್ಕೂ ಮುಟ್ಟಿ ನೋಡುತ್ತದೆ. ನೂಲು ಸಿಕ್ಕದಿದ್ದರೆ ಮಗ್ಗವನ್ನು ನಿಲ್ಲಿಸುತ್ತದೆ. ಸುಧಾರಿಸಿದ ಮಗ್ಗಗಳಲ್ಲಿ ಹಾಸಿನ ಪ್ರತಿಯೊಂದು ಎಳೆಗೂ ಒಂದೊಂದು ತೆಳು ಲೋಹದ ಪಟ್ಟಿ ತೂಗುತ್ತಿರುತ್ತದೆ. ಎಳೆ ಹರಿದರೆ ಪಟ್ಟಿ ಕೆಳಗೆ ಬೀಳುತ್ತದೆ, ಮಗ್ಗ ನಿಲ್ಲುತ್ತದೆ. ಜಪಾನಿನ ಸಾಕಿಚಿ ಟೊಯೊಡಾ 1924ರಲ್ಲಿ ಸಿದ್ಧಪಡಿಸಿದ ಪ್ರಸಿದ್ಧ ಮಗ್ಗದ ಹಿರಿಮೆಯಲ್ಲಿ ಇದೂ ಒಂದು. ಎಳೆ ಹರಿದೊಡನೆ ಅದು ತಾನಾಗಿ ನಿಲ್ಲುತ್ತಿದ್ದಿತು. ಆದುದರಿಂದ ಒಬ್ಬನೇ ಕೆಲಸಗಾರನು ಅನೇಕ ಮಗ್ಗಗಳನ್ನು ನೋಡಿಕೊಳ್ಳಬಹುದಾಗಿದ್ದಿತು. 1929ರಲ್ಲಿ ಅದರ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಕೊಂಡಿತು. ಟೊಯೊಡಾನ ಮಗನು ಮುಂದೆ ಮೋಟಾರುಗಾಡಿಯ ಉದ್ಯಮವನ್ನು ಕಟ್ಟಿದನು. ಯಂತ್ರದ ಬಳಿ ಮನುಷ್ಯನು ಇಲ್ಲದಿರಬೇಕಾದರೆ ಅದಕ್ಕೆ ನಡೆಯುವುದು ತಿಳಿದರೆ ಸಾಲದು, ನಿಲ್ಲುವುದೂ ತಿಳಿದಿರಬೇಕು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಇದು ಹೊಳೆದಿರಲಿಲ್ಲ. ಅಣ್ಣನಿಗೆ ಅದು ದಿನದ ಕೆಲಸವಾಗಿದ್ದಿತು.

ಎರಡನೆಯ ಸಲ

ಈ ಸಲ ಅಣ್ಣನೂ ನಾನೂ ಕೂಡಿ ಮಾಡಿದ ಏರ್ಪಾಡನ್ನು, ಯಾರಿಗಾದರೂ ಉಪಯೋಗವಾದೀತೆಂದು, ವಿವರಿಸುತ್ತೇನೆ.

ಬಟ್ಟಲಿನ ಪಕ್ಕದಲ್ಲಿ, ತಳಕ್ಕೆ ಸಮೀಪವಾಗಿ, 12 ಮಿಲಿಮೀಟರಿನ ರಂಧ್ರವಿದೆ. ಅಕ್ರಿಲಿಕ್ ಬಲು ಬೇಗ ಸೀಳುತ್ತದೆ. ಹಿಂದೆ ಮರದ ತುಂಡನ್ನು ಒತ್ತಿ ಹಿಡಿದು, ಡ್ರಿಲ್ಲನ್ನು ನಿಧಾನವಾಗಿ ತಿರುಗಿಸಿ, ಭಾರ ಹಾಕದೆ ಕೊರೆಯಬೇಕು. ರಂಧ್ರಕ್ಕೆ ರಬ್ಬರಿನ ಬಳೆ, ಅದರೊಳಗೆ ಬಾಗಿದ ಜೋಡಣೆ, ಅದಕ್ಕೆ ನಳಿಗೆ. ನಳಿಗೆಯು ಮೇಲಿನಿಂದ ಕೆಳಗಿನವರೆಗೆ ಒಂದೇ ಇಳಿಜಾರಿನಲ್ಲಿರಬೇಕು. ನಡುವೆ ಜೋಲಿ ಬಿದ್ದರೆ ಅಲ್ಲಿ ಕೊಳೆ ತಂಗಿ ದಾರಿ ಕಟ್ಟಿಕೊಳ್ಳುತ್ತದೆ.

ಬಕೆಟ್ಟಿನ ಬದಲು ಬಿಗಿಯಾದ ಮುಚ್ಚಳದ 5 ಲೀಟರಿನ ಡಬ್ಬಿ. ಮುಚ್ಚಳದಲ್ಲಿ ಎರಡು ದಾರಿಗಳು. ಒಂದು ಕೊಳೆ ಬರಲು, ಇನ್ನೊಂದು ಒಳಗಿನ ಗಾಳಿ ಹೊರಗೆ ಹೋಗಲು. ಗಾಳಿಯ ದಾರಿಯಲ್ಲಿ ಇದ್ದಿಲನ್ನು ತುಂಬಿದರೆ ನಾತವು ಮನೆಯಲ್ಲಿ ಹರಡುವುದಿಲ್ಲ. ಡಬ್ಬಿಯೊಳಗೆ, ಮೇಲಿನಿಂದ ನಾಲ್ಕು ಬೆರಳು ಕೆಳಗೆ, ಒಂದು ತೇಲುವ ಸ್ವಿಚ್ಚು. ಕೊಳೆಯು ಅದನ್ನು ಎತ್ತಿದೊಡನೆ ಸ್ಕಿಮ್ಮರಿನ ಪಂಪು ಮಾತ್ರ ನಿಲ್ಲುತ್ತದೆ, ಕೆಂಪು ದೀಪ ಹತ್ತುತ್ತದೆ. ತೊಟ್ಟಿಯ ನೀರನ್ನು ತಿರುಗಿಸುವ ದೊಡ್ಡ ಪಂಪು ಎಂದಿಗೂ ನಿಲ್ಲಬಾರದು. ಮೀನಿನ ಉಸಿರು ಅದರ ಮೇಲೆ ನಿಂತಿದೆ. ತೇಲುವ ಸ್ವಿಚ್ಚಿಗೆ ಬರುವುದು 12 ವೋಲ್ಟಿನ ವಿದ್ಯುತ್ತು. ಮನೆಯ ಲೈನನ್ನು ಕಡಿಯುವ ಕೆಲಸ ದೂರದಲ್ಲಿ, ಒಣಗಿದ ಜಾಗದಲ್ಲಿರುವ ರಿಲೇಯದು. ಉಪ್ಪುನೀರೂ ವಿದ್ಯುತ್ತೂ ಕೂಡಿದಲ್ಲಿ ಪ್ರಾಣಕ್ಕೇ ಅಪಾಯ. ಈ ಭಾಗವನ್ನು ತಿಳಿದ ಇಲೆಕ್ಟ್ರಿಶಿಯನ್ನನಿಂದಲೇ ಮಾಡಿಸಿ, ಸೋರುವ ವಿದ್ಯುತ್ತನ್ನು ಕಂಡೊಡನೆ ಲೈನು ಕಡಿಯುವ ಬ್ರೇಕರನ್ನೂ ಹಾಕಿಸಿದೆವು.

ಸಿಹಿನೀರಿನ ಡ್ರಮ್ಮನ್ನೂ 40 ಲೀಟರಿನಿಂದ 15ಕ್ಕೆ ಇಳಿಸಿದೆವು. ಮೂರು ದಿನದ ಆವಿಗೆ ಅಷ್ಟು ಸಾಕು. ಲೆಕ್ಕ ನೋಡಿರಿ: ಡಬ್ಬಿ ಪೂರ್ಣ ತುಂಬಿದರೂ ಹೊರಗೆ ಹೋಗುವುದು 5 ಲೀಟರು. 200 ಲೀಟರಿನಲ್ಲಿ ಅಷ್ಟಕ್ಕೆ ಸಿಹಿನೀರು ಸೇರಿದರೆ ಉಪ್ಪು 35ರಿಂದ ಸುಮಾರು 34ಕ್ಕೆ ಇಳಿದೀತು. ಅದು ಜೀವಗಳಿಗೆ ತಡೆಯುವ ಇಳಿತ. ತಪ್ಪು ಆಗಲಾರದೆಂದು ನಂಬುವುದಕ್ಕಿಂತ, ಆದರೆ ಎಷ್ಟರ ಮಟ್ಟಿಗೆ ಆದೀತೆಂದು ಮೊದಲೇ ಗೊತ್ತುಮಾಡಿಡುವುದು ಲೇಸು.

ಇಷ್ಟಾದರೂ ಕೈಕೆಲಸ ತಪ್ಪಲಿಲ್ಲ. ಕುತ್ತಿಗೆಯಲ್ಲಿ ಮೆತ್ತಿದ ಜಿಡ್ಡನ್ನು ವಾರಕ್ಕೊಮ್ಮೆ ಒರೆಸಲೇಬೇಕು, ಇಲ್ಲವಾದರೆ ನೊರೆ ಏರುವುದಿಲ್ಲ. ದಿನಕ್ಕೆ ಅರ್ಧ ಲೀಟರು ಕೊಳೆ ಹೋದರೆ ಅದರೊಡನೆ ಸುಮಾರು 17 ಗ್ರಾಮು ಉಪ್ಪೂ ಹೋಗುತ್ತದೆ. ಆ ಕೊರತೆಯನ್ನು ಉಪ್ಪುನೀರಿನಿಂದಲೇ ತುಂಬಬೇಕು. ಊರಿಗೆ ಹೊರಡುವ ದಿನ ಹೊಸದೇನನ್ನೂ ತೊಟ್ಟಿಗೆ ಬೆರೆಸಬಾರದು ಎಂಬುದನ್ನು ಗೋಡೆಯ ಮೇಲೆ ಬರೆದು ಅಂಟಿಸಿದ್ದೇನೆ.

ಏರ್ಪಾಡು ಮುಗಿದರೂ ಅಣ್ಣನು ನನ್ನನ್ನು ಕೂಡಲೇ ಹೊರಡಗೊಡಲಿಲ್ಲ. ಡಬ್ಬಿಗೆ ತಿಳಿನೀರು ಸುರಿದು, ಪಂಪು ನಿಲ್ಲುವುದನ್ನು ಹತ್ತು ಸಲ ನೋಡಿದನು. ಒಮ್ಮೆ ಬೇಕೆಂದೇ ಮೇನ್ ಸ್ವಿಚ್ಚನ್ನು ಆರಿಸಿ ಹಾಕಿ, ಆಗಲೂ ನಿಂತದ್ದು ನಿಂತೇ ಇರುವುದನ್ನು ಪರೀಕ್ಷಿಸಿದನು.

ಕೆಂಪು ದೀಪ

ಆಮೇಲೆ ಮೂರು ರಾತ್ರಿ ಅಕ್ಕನ ಬಳಿ ಉಳಿದೆವು. ಎರಡನೆಯ ರಾತ್ರಿ ಅಕ್ಕಲಕೋಟೆಯಲ್ಲಿ ಅವಕಾಳಿ ಮಳೆ, ಗಾಳಿ. ದೀಪಗಳು ಹೋಗಿ ಬಂದು, ಹೋಗಿ ಬಂದು ಮಾಡುತ್ತಿದ್ದವು. ಅಕ್ಕನ ಮಂಚದ ಬಳಿ ಕಂದೀಲಿಟ್ಟುಕೊಂಡು ಕುಳಿತಾಗ ನನ್ನ ಮನಸ್ಸು ಸೊಲ್ಲಾಪುರದಲ್ಲಿದ್ದಿತು. ವಿದ್ಯುತ್ತು ನಿಂತಾಗ ಮೇಲಿನ ತೊಟ್ಟಿಯ ನೀರು ಕೆಳತೊಟ್ಟಿಗೆ ಇಳಿದು ಮಟ್ಟ ಏರುತ್ತದೆ. ಮರಳಿ ಬಂದ ಕೂಡಲೇ ಆ ಎತ್ತರದ ನೀರಿನಲ್ಲಿ ಸ್ಕಿಮ್ಮರು ಕೆಲಹೊತ್ತು ನೊರೆಯ ಬದಲು ನೀರನ್ನೇ ಉಗುಳುತ್ತದೆ. ಅಲ್ಲಿಯೂ ಹೀಗೆಯೇ ದೀಪ ಹೋಗುತ್ತಿದ್ದರೆ ಗತಿಯೇನು? ಅಕ್ಕ ನನ್ನ ಮುಖ ನೋಡಿ, "ಹೋಗೋ, ಬೆಳಗಾದ್ರ ಬಸ್ ಹಿಡಿದು ನೋಡಿ ಬಾ" ಎಂದಳು. ನಾನು ಹೋಗಲಿಲ್ಲ.

ಮನೆಗೆ ಬಂದಾಗ ಫರಸಿ ಒಣಗಿದ್ದಿತು. ಕತ್ತಲೆಯ ನಡುಮನೆಯಲ್ಲಿ ಕೆಂಪು ದೀಪ ಉರಿಯುತ್ತಿದ್ದಿತು. ಡಬ್ಬಿ ತುಂಬಿ, ಸ್ಕಿಮ್ಮರು ತಾನಾಗಿ ನಿಂತಿದ್ದಿತು. ಉಪ್ಪನ್ನು ಅಳೆದು ನೋಡಿದೆನು, 34. ಮೀನುಗಳು ಹಸಿದು ಗಾಜಿನ ಬಳಿಗೆ ಓಡಿ ಬಂದವು.

ಈ ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ಅಕ್ಕ ಕೋಲೂರಿಕೊಂಡು ಸೊಲ್ಲಾಪುರಕ್ಕೆ ಬಂದಳು. ತೊಟ್ಟಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಎರಡು ಮೀನುಗಳನ್ನು ಬಹಳ ಹೊತ್ತು ನೋಡಿದಳು. ನಾನು ಕೆಳಗಿನ ಬಾಗಿಲು ತೆರೆದು ಡಬ್ಬಿಯನ್ನು ತೋರಿಸಿ, ಬೆರಳಿನಿಂದ ತೇಲುವ ಸ್ವಿಚ್ಚನ್ನು ಎತ್ತಿದೆನು. ಪಂಪಿನ ಸದ್ದು ನಿಂತಿತು, ಕೆಂಪು ದೀಪ ಹತ್ತಿತು.

"ಇದು ಯಾಕ ನಿಂತು?" ಎಂದಳು.

"ತುಂಬೇತಿ ಅಂತ ತಿಳೀತು, ಅದಕ್ಕ ನಿಂತು, ಅಕ್ಕಾ."

"ನಮ್ಮ ಗಾಣದಾಗ ನೊರಿ ತೆಗಿಯಾಂವಗ ಇಷ್ಟು ತಿಳೀತಿದ್ರ ಎಷ್ಟು ಬೆಲ್ಲ ಉಳಿತಿತ್ತೋ!" ಎಂದು ಅಕ್ಕ ನಕ್ಕಳು.